ಮೆನು ಇಲ್ಲದ ಮೀನೂಟದ ಹೋಟ್ಲು

ಭಾಗ 1

ಮೊದಲನೇ ಫೋಟೋದಲ್ಲಿ ಕಾಣ್ತಿರೋದೇ ಹೋಟ್ಲು. ಪೂರ್ತಿ ಹೋಟ್ಲು. ಹಿಂದೆ ಇನ್ನೇನೋ ಇದೆ, ಫ್ರೇಮಿಗೆ ಬಂದಿಲ್ಲ ಅಂದ್ಕೋಬೇಡಿ. ನಾಲ್ಕು ಗಾಳಿಮರದ ಕಂಬ, ಮೇಲೆ ತೆಂಗಿನ ಗರಿ, ಗರಿ ಮೇಲೆ ನೀಲಿ ಟಾರ್ಪಾಲು, ಟಾರ್ಪಾಲು ಹಾರಿ ಹೋಗ್ಬಾರ್ದು ಅಂತ ಒಂದು ಹಳೇ ಬಲೆ ಹೊದಿಸಿ ನಾಲ್ಕು ಮೂಲೆಗೂ ಕಲ್ಲು ಕಟ್ಟಿದ್ದಾರೆ. ಒಳಗೆ ಮೂರು ಪ್ಲಾಸ್ಟಿಕ್ ಟೇಬಲ್, ಎರಡು ಬೆಂಚು, ಬಣ್ಣ ಬೇರೆ ಬೇರೆಯಾದ ಕುರ್ಚಿಗಳು. ನೆಲ ಅಂದ್ರೆ ಮರಳು. ಕುರ್ಚಿ ಎಳೆದು ಕೂತ್ರೆ ಒಂದು ಕಾಲು ಒಳಗೆ ಇಳಿಯುತ್ತೆ, ಸ್ವಲ್ಪ ಹೊತ್ತಿಗೆ ನೀವೂ ಆ ಕಡೆ ವಾಲಿ ಕೂತಿರ್ತೀರಿ.

ಹೆಸರಿನ ಬೋರ್ಡಿಲ್ಲ. ಮುರಿದ ದೋಣಿಯ ಹಲಗೆ ಮೇಲೆ ಸುಣ್ಣದಲ್ಲಿ 'ಊಟ ಇದೆ' ಅಂತ ಬರೆದಿದ್ದಾರೆ. ಊಟ ಮುಗಿದ ಮೇಲೆ ಹಲಗೆ ತಿರುಗಿಸಿ ಇಡ್ತಾರೆ. ಹಿಂದುಗಡೆ ಏನೂ ಬರೆದಿಲ್ಲ.

ಎಲ್ಲಿ ಅನ್ನೋದನ್ನ ಸದ್ಯಕ್ಕೆ ಇಷ್ಟು ಮಾತ್ರ ಹೇಳ್ತೀನಿ. ಮರವಂತೆ ಗೊತ್ತಲ್ಲ, ನ್ಯಾಷನಲ್ ಹೈವೇ 66ರ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಎಲ್ಲ ಬಸ್ಸು ಕಾರಿನವರೂ ಅಲ್ಲಿ ಇಳಿದು ಫೋಟೋ ತೆಗೆದ್ಕೊಂಡು ವಾಪಸ್ ಹೋಗ್ತಾರೆ. ನಾವು ಅಲ್ಲಿ ಇಳೀಲಿಲ್ಲ. ಬೈಂದೂರು ಕಡೆಗೆ ಇನ್ನೂ ಮುಂದೆ ಹೋಗಿ, ಒಂದು ಸಣ್ಣ ಸ್ಟಾಪಲ್ಲಿ ಇಳಿದು, ಗದ್ದೆ ಬದಿ, ತೆಂಗಿನ ತೋಟ, ಗಾಳಿಮರದ ಸಾಲು ದಾಟಿ ಹತ್ತಿಪ್ಪತ್ತು ನಿಮಿಷ ನಡೆದ್ವಿ. ನವೆಂಬರ್, ಮಂಗಳವಾರ, ಇಂಟರ್ನಲ್ಸ್ ಮುಗಿದ ಮಾರನೇ ದಿನ. ಐದು ಜನ.

ಭಾಗ 2

ಹೋದ ತಕ್ಷಣ ನಮ್ಮ ಕ್ಲಾಸ್ ರೆಪ್ ಕೇಳಿದ ಮೊದಲನೇ ಮಾತು, 'ಅಕ್ಕಾ, ಮೆನು ಕೊಡಿ.'

ಅಕ್ಕ ಒಲೆ ಮುಂದೆ ಕೂತಿದ್ರು. ತಿರುಗಿ ನೋಡಿ, ಎದ್ದು ಬಂದು, ಒಂದು ಬುಟ್ಟಿ ತಂದು ಟೇಬಲ್ ಮೇಲೇ ಇಟ್ಟರು. 'ಇವತ್ತ್ ಬೈಗಿ ಇತ್ತ್, ನಂಗ್ ಇತ್ತ್. ನಾಕ್ ಬಂಗ್ಡೆ ಇತ್ತ್. ಅಂಜಲ್ ಕೇಣ್ಬೇಡಿ.'

ಕುಂದಾಪ್ರ ಕನ್ನಡ ಗೊತ್ತಿಲ್ಲದವರಿಗೆ: ಬೈಗಿ ಅಂದ್ರೆ ಬೈಗೆ, ಮಂಗಳೂರು ಕಡೆಯವರ ಬೂತಾಯಿ, ಕಾರವಾರ ಕಡೆಯವರ ತಾರ್ಲೆ. ಒಂದೇ ಮೀನು, ಕರಾವಳಿ ಉದ್ದಕ್ಕೂ ಹೋಗ್ತಾ ಹೋಗ್ತಾ ಹೆಸರು ಬದಲಾಯಿಸ್ಕೊಳ್ಳುತ್ತೆ. ನಂಗ್ ಅಂದ್ರೆ ಚಪ್ಪಟೆ ಮೀನು, ಎರಡು ಕಣ್ಣೂ ಒಂದೇ ಪಕ್ಕದಲ್ಲಿ. ಆದ್ರೆ 'ನಂಗ್' ಅಂದ್ರೆ 'ನನಗೆ' ಅಂತಾನೂ ಹೌದು. ಹಾಗಾಗಿ ನಾನು 'ನಂಗೆ ನಂಗು' ಅಂದಾಗ ನಮ್ಮ ಟೇಬಲ್ ಬಿಟ್ಟು ಪಕ್ಕದ ಟೇಬಲಲ್ಲಿ ಬಲೆ ಹೊಲೀತಿದ್ದ ಅಜ್ಜನೂ ನಕ್ಕರು.

ಅಂಜಲ್ ಯಾಕಿಲ್ಲ ಅಂದ್ರೆ, ಇವರ ಮನೇಲಿ ಇರೋದು ಒಂದು ಪಾತಿ ದೋಣಿ. ಚಿಕ್ಕದು. ಅಕ್ಕನ ಗಂಡ ಮತ್ತೆ ಅವರ ತಮ್ಮ ಇಬ್ರೇ ಹೋಗ್ತಾರೆ, ದಡದಿಂದ ತುಂಬ ದೂರ ಹೋಗಲ್ಲ, ಬೆಳಕು ಹರಿಯೋ ಮುಂಚೆ ಹೋಗಿ ಬೆಳಿಗ್ಗೆ ವಾಪಸ್. ಆ ಬಲೆಗೆ ಏನು ಬಿತ್ತೋ ಅದು ಅಡುಗೆ. ದೊಡ್ಡ ಅಂಜಲ್ ಎಲ್ಲೋ ಒಂದ್ಸಲ ಬಿದ್ರೂ ಅದು ನಮ್ಮ ತಟ್ಟೆಗೆ ಬರಲ್ಲ, ಮಾರೋದಕ್ಕೆ ಹೋಗುತ್ತೆ. ಒಂದು ಅಂಜಲ್ ಮಾರಿದ ದುಡ್ಡಲ್ಲಿ ಮನೆಗೆ ಎಷ್ಟು ದಿನದ ಅಕ್ಕಿ ಬರುತ್ತೆ ಅಂತ ಅಕ್ಕನ ತಲೇಲಿ ಲೆಕ್ಕ ಇದೆ.

ಭಾಗ 3

ಇಲ್ಲಿ ಸ್ವಲ್ಪ ನನ್ನ ಬಗ್ಗೆ ಹೇಳ್ಬೇಕು, ಇಲ್ಲಾಂದ್ರೆ ಮುಂದಿನ ಫೋಟೋ ಅರ್ಥ ಆಗಲ್ಲ. ನಾನು ಚಳ್ಳಕೆರೆ ಕಡೆಯವಳು. ಸಮುದ್ರ ನೋಡಿದ್ದೇ ಡಿಗ್ರಿಗೆ ಬಂದ ಮೇಲೆ. ನಮ್ಮೂರಲ್ಲಿ ಮೀನು ಅಂದ್ರೆ ಎರಡೇ ಥರ. ಕೆರೆಗೆ ನೀರು ಬಂದ ವರ್ಷ ಕೆರೆ ಮೀನು. ಬಾರದ ವರ್ಷ, ಅಂದ್ರೆ ಹೆಚ್ಚಿನ ವರ್ಷ, ಸಂತೇಲಿ ಸಿಗೋ ಒಣಮೀನು. ಗೋಣಿಚೀಲದ ಮೇಲೆ ರಾಶಿ ಹಾಕಿ ಕೂತಿರೋರ ಹತ್ರ ಅಜ್ಜಿ ಮೂಸಿ ನೋಡಿ, ಚೌಕಾಸಿ ಮಾಡಿ, ಪೇಪರಲ್ಲಿ ಕಟ್ಟಿಸ್ಕೊಂಡು ಬರೋರು. ಬಸ್ಸಲ್ಲಿ ಪಕ್ಕದೋರು ಮೂಗು ಮುಚ್ಕೊಂಡ್ರೆ ಅಜ್ಜಿ ಕಿಟಕಿ ಕಡೆ ನೋಡ್ತಾ ಕೂರೋರು. ಆ ಒಣಮೀನು ಎಲ್ಲಿಂದ ಬರುತ್ತೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ.

ಮೂರನೇ ಫೋಟೋ ನೋಡಿ. ಹೋಟ್ಲಿನ ಹಿಂದೆ ಬಲೆ ಹಾಸಿ, ಅದರ ಮೇಲೆ ಸಣ್ಣ ಮೀನು ಹರಡಿದ್ದಾರೆ. ಬೆಳ್ಳಿ ಥರ ಹೊಳೀತಿದೆ. ಕಾಗೆ ಬರ್ದೇ ಇರ್ಲಿ ಅಂತ ಅಕ್ಕನ ಅತ್ತೆ ಒಂದು ಕೋಲು ಹಿಡ್ಕೊಂಡು ನೆರಳಲ್ಲಿ ಕೂತಿದ್ರು. 'ಇದೆಲ್ಲ ಎಲ್ಲಿಗೆ ಹೋಗುತ್ತೆ ಅಮ್ಮ?' ಅಂದೆ. 'ಘಟ್ಟದ್ ಮೇಲ್ಕ್' ಅಂದ್ರು. ಅಂದ್ರೆ ನಮ್ಮ ಕಡೆಗೆ.

ಭಾಗ 4

ಊಟದ ವಿಷ್ಯಕ್ಕೆ ಬರ್ತೀನಿ, ಇದಕ್ಕೇ ಕಾಯ್ತಿದ್ದೀರಿ ಅಂತ ಗೊತ್ತು.

ಕುಚ್ಚಲಕ್ಕಿ ಅನ್ನ. ಅಗಳು ದಪ್ಪ, ಸ್ವಲ್ಪ ಕೆಂಪು, ಬೆಂದ್ರೂ ಒಂದಕ್ಕೊಂದು ಅಂಟಲ್ಲ. ಮೊದಮೊದಲು ಹಾಸ್ಟೆಲಲ್ಲಿ ಇದನ್ನ ನೋಡಿ ಅತ್ತಿದ್ದವರು ನಮ್ಮ ಬ್ಯಾಚಲ್ಲಿ ಕನಿಷ್ಠ ಮೂರು ಜನ ಇದ್ದಾರೆ (ಹೆಸರು ಹೇಳಲ್ಲ, ನಿಮಗೇ ಗೊತ್ತು). ಮೀನು ಸಾರು ತಿಂದ ಮೇಲೆ ಗೊತ್ತಾಯ್ತು, ಈ ಸಾರಿಗೆ ಈ ಅನ್ನವೇ ಆಗ್ಬೇಕು. ಬಿಳಿ ಅನ್ನ ಹಾಕಿದ್ರೆ ಮೆತ್ತಗಾಗಿ ಸಾರಲ್ಲಿ ಮುಳುಗಿ ಹೋಗುತ್ತೆ.

ಸಾರಿಗೆ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಸ್ವಲ್ಪವೇ ಮೆಂತೆ, ಬೆಳ್ಳುಳ್ಳಿ, ಅರಿಶಿನ, ಹುಣಸೆ, ಕಾಯಿ. ಬ್ಯಾಡಗಿ ಇರೋದು ಹಾವೇರಿ ಜಿಲ್ಲೇಲಿ, ಅದೂ ಘಟ್ಟದ ಮೇಲೆ. ಅಂದ್ರೆ ಮೀನು ಮೇಲಕ್ಕೆ ಹತ್ತುತ್ತೆ, ಮೆಣಸು ಕೆಳಕ್ಕೆ ಇಳಿಯುತ್ತೆ. ಬಂಗುಡೆ ಸಾರಾದ್ರೆ ಅಕ್ಕ ಜುಮ್ಮನಕಾಯಿ ಜಜ್ಜಿ ಹಾಕ್ತಾರೆ. ಗೋವಾ ಕಡೆ ಇದನ್ನೇ ತೆಪ್ಪಲ್ ಅಂತಾರೆ. ಬಾಯಿಗೆ ಹಾಕ್ಕೊಂಡ್ರೆ ನಾಲಿಗೆ ಜುಮ್ ಅನ್ನುತ್ತೆ, ಎಣ್ಣೆ ಅಂಶ ಹೆಚ್ಚಿರೋ ಮೀನಿನ ವಾಸನೆ ತಗ್ಗಿಸುತ್ತೆ. ಮಸಾಲೆ ಕಡೆಯೋ ಕಲ್ಲಲ್ಲಿ ಅರೆದಿದ್ದಾ ಅಂತ ಕೇಳ್ತೀರಿ. ಇಲ್ಲ, ಗ್ರೈಂಡರಲ್ಲಿ. ಕಲ್ಲು ಇದೆ, ಅದರ ಮೇಲೆ ಬೆಕ್ಕು ಮಲಗಿತ್ತು. ವಿಡಿಯೋ ಮಾಡೋರು ಬಂದ್ರೆ ಬೆಕ್ಕನ್ನ ಓಡಿಸಿ ಕಲ್ಲಲ್ಲಿ ಅರೆದು ತೋರಿಸಿ ಅಂತಾರಂತೆ. ಅಕ್ಕ ಮಾಡಲ್ಲ, 'ಕೈ ನೋಯ್ತ್' ಅಂತಾರೆ.

ನಂಗ್ ಮೀನಿನ ಚರ್ಮ ಕಾಲುಚೀಲ ಕಳಚಿದ ಹಾಗೆ ಒಂದೇ ಎಳೆತಕ್ಕೆ ಬರುತ್ತೆ, ನೋಡೋಕೇ ಮಜಾ. ಅದಕ್ಕೆ ಮೆಣಸಿನ ಪುಡಿ, ಅರಿಶಿನ, ಉಪ್ಪು, ಹುಣಸೆ ರಸ ಸವರಿ, ಕಬ್ಬಿಣದ ಕಾವಲಿ ಮೇಲೆ ತೆಂಗಿನೆಣ್ಣೇಲಿ ಹುರೀತಾರೆ. ರವೆ ಹಚ್ಚಲ್ಲ. ಒಲೆಗೆ ತೆಂಗಿನ ಸಿಪ್ಪೆ. ಹೊಗೆ ನಮ್ಮ ಕಡೆಗೇ ಬರ್ತಿತ್ತು, ಫೋಟೋದಲ್ಲಿ ಎಲ್ಲರೂ ಅತ್ತ ಹಾಗೆ ಕಾಣ್ತಿರೋದು ಅದಕ್ಕೆ.

ಬೈಗೆ ಮಾತ್ರ ನನಗೆ ಭಯ. ಪೂರ್ತಿ ಮುಳ್ಳು. ಅಜ್ಜಿ ಒಣಮೀನು ಹುರಿದಾಗ ಮುಳ್ಳೂ ಕರುಂ ಅಂತ ಹೋಗಿಬಿಡ್ತಿತ್ತು, ಹಾಗಾಗಿ ಮುಳ್ಳು ಬಿಡಿಸೋ ಅಭ್ಯಾಸವೇ ಇಲ್ಲ. ನನ್ನ ಒದ್ದಾಟ ನೋಡಿ ಆ ಅಮ್ಮ ಕೋಲು ಬದಿಗಿಟ್ಟು ಬಂದ್ರು. 'ಹೆಣ್ಣೆ, ಮುಳ್ಳಿಗ್ ಹೆದ್ರೂಕಾಗ.' ಬೆನ್ನಿನ ಗೆರೆ ಉದ್ದಕ್ಕೂ ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ, ಬಾಲದ ಕಡೆಯಿಂದ ಮಾಂಸ ಬಿಡಿಸಿ, ನಡು ಮುಳ್ಳನ್ನ ಬಾಚಣಿಗೆ ಥರ ಇಡಿಯಾಗಿ ಎತ್ತಿ ತೋರಿಸಿದ್ರು. ಐದು ಬೈಗೆಯಲ್ಲಿ ಮೂರನೇದಕ್ಕೆ ನನಗೆ ಬಂತು. ಮಳೆಗಾಲ ಕಳೆದ ಮೇಲೆ ಬೈಗೆಯಲ್ಲಿ ಎಣ್ಣೆ ಜಾಸ್ತಿ ಇರುತ್ತೆ, ಕೈ ತೊಳೆದ್ರೂ ಸಾಯಂಕಾಲದವರೆಗೂ ಘಮ ಹೋಗಲ್ಲ. ಬಸ್ಸಲ್ಲಿ ನಾನೂ ಕಿಟಕಿ ಕಡೆ ನೋಡ್ತಾ ಕೂತೆ.

ಊಟ 110 ರೂಪಾಯಿ. ಫ್ರೈ ಬೇರೆ, ಬೈಗೆ ಪ್ಲೇಟು 60.

ಭಾಗ 5

ಈಗ ಸ್ವಲ್ಪ ಸೀರಿಯಸ್.

ಅವತ್ತು ರಾತ್ರಿ ನಾನು ಸ್ಟೋರಿಗೆ ಹಾಕಿದ್ದು ಒಂದೇ ಫೋಟೋ. ತಟ್ಟೆ, ಹಿಂದೆ ಸಮುದ್ರ. ಊರಿನ ಹೆಸರು ಹಾಕಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದ್ರೆ 63 ರಿಪ್ಲೈ. ಅದರಲ್ಲಿ ಹೆಚ್ಚಿನವು ಒಂದೇ ಪದ, ಲೊಕೇಶನ್. ಪ್ರಶ್ನಾರ್ಥಕ ಚಿಹ್ನೆ ಕೂಡ ಇಲ್ಲ. ನಾನು ಮಾತಾಡಿಸಿ ಎರಡು ವರ್ಷ ಆದವರೂ ಇದ್ದರು.

ರೂಮಲ್ಲಿ ಇದೇ ಜಗಳ ಶುರುವಾಯ್ತು. ನನ್ನ ರೂಂಮೇಟ್ ಗಂಗೊಳ್ಳಿಯವಳು, ಮನೆಯವರೆಲ್ಲ ಬೋಟಿನ ಕೆಲಸದವರು. ಅವಳು ಖಡಾಖಂಡಿತ ಅಂದಳು, ಪಿನ್ ಹಾಕ್ಬೇಡ. ಕಾರಣಕ್ಕೆ ಒಂದು ಕಥೆ ಹೇಳಿದಳು. ಕರಾವಳೀಲೇ ಇನ್ನೊಂದು ಕಡೆ, ಹೆಸರು ಬೇಡ, ಇದೇ ಥರ ಒಂದು ಗರಿ ಚಪ್ಪರದ ಹೋಟ್ಲಿತ್ತಂತೆ. ಯಾರೋ ಒಂದು ರೀಲ್ ಹಾಕಿದ್ರು, ಅದು ಓಡ್ತು. ಮೊದಲ ಭಾನುವಾರ ಕಾರುಗಳು ಗದ್ದೆ ತನಕ ನಿಂತವು. ಎರಡನೇ ತಿಂಗಳಿಗೆ ಮೀನು ಸಾಲದೆ ದೂರದಿಂದ ಐಸ್ ಬಾಕ್ಸ್ ಬಂತು. ಆಮೇಲೆ ಲ್ಯಾಮಿನೇಟ್ ಮಾಡಿದ ಮೆನು. ಮೆನುವಲ್ಲಿ ಗೋಬಿ ಮಂಚೂರಿ. ಆಮೇಲೆ ಯಾರೋ ದುಡ್ಡಿದ್ದವರು ಬಂದು ಪಕ್ಕದ ಜಾಗ ಲೀಸಿಗೆ ತಗೊಂಡು ಲೈಟಿಂಗ್ ಹಾಕಿದ್ರು. ಈಗ ಮೊದಲಿನ ಹೋಟ್ಲಿನ ಹೆಂಗಸು ಆ ಲೈಟಿಂಗ್ ಹೋಟ್ಲಲ್ಲಿ ಮೀನು ಕೊಯ್ಯೋ ಕೆಲಸಕ್ಕೆ ಹೋಗ್ತಾರೆ. ರೀಲ್ ಹಾಕಿದವರು ಕೊನೇಗೆ ಇನ್ನೊಂದು ವಿಡಿಯೋ ಹಾಕಿದ್ರಂತೆ, 'ಮೊದಲಿನ ಟೇಸ್ಟ್ ಇಲ್ಲ' ಅಂತ.

ಕ್ಲಾಸ್ ರೆಪ್ ಒಪ್ಪಲಿಲ್ಲ. 'ಅವ್ರಿಗೆ ವ್ಯಾಪಾರ ಬೇಡ್ವಾ? ನಾವು ಚೆನ್ನಾಗಿ ತಿಂದು ಬಂದು, ಬೇರೆಯವ್ರು ಹೋಗ್ಬಾರ್ದು ಅನ್ನೋದು ಯಾವ ನ್ಯಾಯ? ನಮಗೆ ಖಾಲಿ ಬೀಚ್ ಬೇಕು ಅಂತ ಅವ್ರ ಕುರ್ಚಿ ಖಾಲಿ ಇರ್ಬೇಕಾ?' ಅಂದ. ಇದಕ್ಕೆ ರೂಂಮೇಟ್ ಹತ್ರ ಉತ್ತರ ಇರಲಿಲ್ಲ. ನನಗೆ ಇಬ್ಬರ ಮಾತೂ ಸರಿ ಅನ್ನಿಸ್ತು, ಅದೇ ತಲೆನೋವು. ಹೋಟ್ಲು ನಮ್ಮದಲ್ಲ, ಹೋಗಿ ಅಕ್ಕನ್ನೇ ಕೇಳೋಣ ಅಂದೆ. ಅಲ್ಲಿಗೆ 63 ಜನಕ್ಕೂ ರಿಪ್ಲೈ ಮಾಡದೆ ಬಿಟ್ಟೆ. ಕೆಲವರು ಅನ್‌ಫಾಲೋ ಮಾಡಿದ್ರು.

ಭಾಗ 6

ಜನವರೀಲಿ ಮತ್ತೆ ಹೋದಾಗ ನಾವು ಮೂವರೇ. ಬೇಗ ಹೋಗಿದ್ದಕ್ಕೆ ಒಂದು ಲಾಭ ಆಯ್ತು, ಕೈರಂಪಣಿ ಎಳೆಯೋದು ಸಿಕ್ತು. ದೋಣೀಲಿ ಬಲೆ ತಗೊಂಡು ಹೋಗಿ ಸಮುದ್ರದಲ್ಲಿ ಅರ್ಧ ಚಂದ್ರದ ಥರ ಬಿಟ್ಟು ಬರ್ತಾರೆ, ಎರಡೂ ತುದಿ ಹಗ್ಗವನ್ನ ದಡದಿಂದ ಜನ ಎಳೀತಾರೆ. ಎರಡು ಕಡೆ ಸೇರಿ ಇಪ್ಪತ್ತು ಚಿಲ್ಲರೆ ಜನ ಇದ್ರು. ನಾವೂ ಹಗ್ಗ ಹಿಡಿದ್ವಿ, ಸಹಾಯ ಮಾಡಿದ್ವೋ ತೂಕ ಹೆಚ್ಚಿಸಿದ್ವೋ ಹೇಳೋದು ಕಷ್ಟ.

ಬಲೆ ಹೊಲೀತಿದ್ದ ಅಜ್ಜ ಹೇಳಿದ್ದು, ಅವರ ಪ್ರಾಯದಲ್ಲಿ ದೊಡ್ಡ ರಂಪಣಿ ಇತ್ತು, ಒಂದು ಬಲೆ ಎಳೆಯೋಕೆ ಊರಿಗೆ ಊರೇ ಬೇಕಾಗ್ತಿತ್ತು, ಎಳೆದವರಿಗೆಲ್ಲ ಪಾಲು. 1970ರ ದಶಕದ ಕೊನೇಲಿ ಪರ್ಸಿನ್ ಬೋಟುಗಳು ಬಂದು ಸಮುದ್ರದಲ್ಲೇ ಮೀನಿನ ಹಿಂಡು ಸುತ್ತುವರಿದು ಹಿಡಿಯೋಕೆ ಶುರು ಮಾಡಿದ ಮೇಲೆ ರಂಪಣಿ ಮೆಲ್ಲಗೆ ನಿಂತುಹೋಯ್ತು. ಈಗ ಉಳಿದಿರೋದು ಈ ಸಣ್ಣದು. ಅಜ್ಜ ಇದನ್ನ ದುಃಖದಲ್ಲೇನೂ ಹೇಳಲಿಲ್ಲ. ಅವರ ಮೊಮ್ಮಗ ಅದೇ ಥರದ ದೊಡ್ಡ ಬೋಟಿಗೆ ಹೋಗ್ತಾನೆ, ಮನೆಗೆ ದುಡ್ಡು ಕಳಿಸ್ತಾನೆ.

ಅವತ್ತು ಬಲೇಲಿ ಬಂದಿದ್ದು ಎರಡು ಬುಟ್ಟಿ, ಅರ್ಧ ಬರೀ ಸಣ್ಣ ಮೀನು. ಒಂದು ಬುಟ್ಟಿ ಅಲ್ಲೇ ಏಲಂ ಆಯ್ತು. ಏಲಂ ನಾಲ್ಕು ನಿಮಿಷ ಕೂಡ ಹಿಡೀಲಿಲ್ಲ. ಅಕ್ಕ ಅದರಲ್ಲಿ ಕೂಗಲಿಲ್ಲ, ಗಂಡನ ಪಾಲಿಗೆ ಬಂದಿದ್ದನ್ನ ಮಾತ್ರ ಸೆರಗಿನ ಮರೇಲಿ ಎಣಿಸಿ ತಗೊಂಡು ಹೋದ್ರು. ಅದನ್ನ ನೋಡಿದ ಮೇಲೆ ಊಟಕ್ಕೆ ಕೂತು 'ಇನ್ನೊಂದು ಪ್ಲೇಟ್' ಅನ್ನೋಕೆ ಮೊದಲಿನಷ್ಟು ಸಲೀಸಾಗಿ ಬಾಯಿ ಬರಲಿಲ್ಲ.

ಭಾಗ 7

ಊಟ ಆದ ಮೇಲೆ ಕೇಳಿದೆ. 'ಅಕ್ಕಾ, ನಿಮ್ಮ ಹೋಟ್ಲ್ ಬಗ್ಗೆ ಬರೀಲಾ? ಜಾಗ ಹಾಕ್ಲಾ? ತುಂಬ ಜನ ಕೇಳ್ತಿದ್ದಾರೆ.' ಸಂಕೋಚದಲ್ಲೇ ಸೇರಿಸಿದೆ, 'ಇಲ್ಲಿ ಯಾರಿಗೂ ಗೊತ್ತಿಲ್ಲದ ಹಿಡನ್ ಜಾಗ ಅಂತ ಹಾಕ್ಬೋದು.'

ಅಕ್ಕ ಕೈ ಒರೆಸ್ಕೊಂಡು ಬೆಂಚಿನ ತುದೀಲಿ ಕೂತ್ರು. 'ಹಿಡನ್ ಅಂದ್ರೆ ಎಂತ?'

ಅಡಗಿರೋದು ಅಂತ ರೂಂಮೇಟ್ ಹೇಳಿದಳು.

'ನಾವೆಂತ ಅಡ್ಗಿ ಕೂಕಂಡಿತ್ತಾ?' ಅಂತ ಅಕ್ಕ ಜೋರಾಗಿ ನಕ್ಕರು. ಕೈ ತೋರಿಸಿ ಎಣಿಸಿದ್ರು, ಅಲ್ಲಿ ಶಾಲೆ, ಅಲ್ಲಿ ಭಜನಾ ಮಂದಿರ, ಅಲ್ಲಿ ರೇಷನ್ ಅಂಗಡಿ, ಸುತ್ತ ಇನ್ನೂರು ಮನೆ. ಎಲ್ಲರಿಗೂ ಗೊತ್ತು. ಪೋಸ್ಟ್‌ಮ್ಯಾನಿಗೂ ಗೊತ್ತು.

ಆಮೇಲೆ ನಗು ನಿಲ್ಲಿಸಿ ಲೆಕ್ಕ ಹೇಳಿದ್ರು. ಇದನ್ನ ನಾನು ಆದಷ್ಟು ಹಾಗೇ ಬರೀತೀನಿ. ಬೆಳಿಗ್ಗೆ ಅಕ್ಕಿ ಅಳೆದು ಹಾಕೋದು ಇಪ್ಪತ್ತು ಊಟಕ್ಕೆ. ಸೋಮವಾರದಿಂದ ಗುರುವಾರ ಬರೋರು ಆರೋ ಏಳೋ ಜನ, ಅದರಲ್ಲಿ ಮೂವರು ರಸ್ತೆ ಕೆಲಸದವರು. ಉಳಿದ ಅನ್ನ ರಾತ್ರಿಗೆ ಮನೆಯವರಿಗೆ, ಬೆಳಿಗ್ಗೆ ಗಂಜಿಗೆ. ಭಾನುವಾರ ಬರೋರು ನಲವತ್ತು. ಇಪ್ಪತ್ತು ಜನ ಬೈಕೊಂಡು ವಾಪಸ್ ಹೋಗ್ತಾರೆ. ದೋಣಿ ಖಾಲಿ ಬಂದ ದಿನ ಹಲಗೆ ತಿರುಗಿಸೋದೇ. ಎಂಜಿನ್ನಿನ ಎಣ್ಣೆ ಖರ್ಚು ಅವತ್ತೂ ಇರುತ್ತೆ. ಮಗಳು ಸೆಕೆಂಡ್ ಪಿಯುಸಿ, ನರ್ಸಿಂಗ್ ಓದ್ಬೇಕು ಅಂತಾಳೆ. ಜೂನಲ್ಲಿ ಫೀಸು ಕಟ್ಟೋ ಹೊತ್ತಿಗೇ ಸರಿಯಾಗಿ ಹೋಟ್ಲು ಬಂದ್.

'ಜನ ಬರ್ಕ್ ಹೆಣ್ಣೆ. ಬಪ್ಪುದ್ ಬೇಡ ಅಂದ್ರೆ ನಾ ಹಲ್ಗಿ ಎಂತಕ್ಕ್ ಬರ್ದದ್ದ್? ಆರೆ ಒಂದೇ ದಿನ ಐವತ್ತ್ ಜನ ಬಂದ್ರೆ ನಾ ಎಂತ ಬಡ್ಸುದ್?'

ಐಸ್ ಮೀನು ತಂದು ಹಾಕಬಹುದಲ್ಲ, ಎಲ್ಲರೂ ಹಾಗೇ ಮಾಡ್ತಾರಲ್ಲ ಅಂತ ರೂಂಮೇಟ್ ಬೇಕಂತಲೇ ಕೇಳಿದಳು. 'ನಿಮ್ಗ್ ಗೊತ್ತಾತಿಲ್ಲೆ. ನಂಗ್ ಗೊತ್ತಾತ್ತ್' ಅಂದ್ರು ಅಕ್ಕ. ಈ ಸಲದ ನಂಗ್ ಮೀನಲ್ಲ.

ಗಂಗೊಳ್ಳಿಯವಳು ಆಮೇಲೆ ಬಸ್ ಸ್ಟಾಪ್ ಬರೋವರೆಗೂ ಮಾತಾಡಲಿಲ್ಲ.

ಭಾಗ 8

ಹಾಗಾಗಿ ಇದು ಅಕ್ಕ ಹಾಕಿದ ಷರತ್ತು, ನನ್ನದಲ್ಲ. ಕುಂದಾಪ್ರ ಕನ್ನಡದಲ್ಲಿ 'ಮಾಡ್ಕ್' ಅಂದ್ರೆ ಮಾಡ್ಲೇಬೇಕು. 'ಮಾಡೂಕಾಗ' ಅಂದ್ರೆ ಮಾಡೋಕೆ ಆಗಲ್ಲ ಅಂತಲ್ಲ, ಮಾಡ್ಬಾರ್ದು ಅಂತ. ಘಟ್ಟದ ಮೇಲಿನವರು ದಯವಿಟ್ಟು ಈ ವ್ಯತ್ಯಾಸ ನೆನಪಿಟ್ಕೊಳ್ಳಿ, ನೀರಿನ ವಿಷ್ಯದಲ್ಲಿ ಮುಖ್ಯ ಆಗುತ್ತೆ.

ಫೋನ್ ಮಾಡ್ಕ್. ಬರೋ ದಿನ ಬೆಳಿಗ್ಗೆ ಒಂಬತ್ತರ ಒಳಗೆ, ಎಷ್ಟು ಜನ ಅಂತ ಹೇಳ್ಬೇಕು. ದೋಣಿ ಬಂದಿರುತ್ತೆ, ಏನಿದೆ ಅಂತ ಅಕ್ಕ ಹೇಳ್ತಾರೆ. ಏನೂ ಇಲ್ಲಾಂದ್ರೆ ಅದನ್ನೂ ಹೇಳ್ತಾರೆ, ಆಗ ಬರ್ಬೇಡಿ ಅಥವಾ ಮೊಟ್ಟೆ ಸಾರಿಗೆ ರೆಡಿಯಾಗಿ ಬನ್ನಿ. ಎಂಟು ಜನ ಅಂತ ಹೇಳಿ ಮೂವರು ಬಂದ್ರೆ ಎಂಟು ಊಟದ ದುಡ್ಡು ಕೊಡಿ. ಇದನ್ನ ಅಕ್ಕ ಹೇಳಿದ್ದಲ್ಲ, ಕ್ಲಾಸ್ ರೆಪ್ ಸೇರಿಸಿದ್ದು, ನನಗೂ ಸರಿ ಅನ್ನಿಸ್ತು.

ವಾರದ ದಿನ ಬನ್ನಿ. ನಮ್ಮಂಥವರಿಗೆ ಹೇಗೂ ಮಧ್ಯಾಹ್ನದ ಕ್ಲಾಸ್ ಕ್ಯಾನ್ಸಲ್ ಆಗ್ತಾನೇ ಇರುತ್ತೆ.

ಊಟದ ಫೋಟೋ ಎಷ್ಟು ಬೇಕಾದ್ರೂ ತೆಗೀರಿ. ಅಮ್ಮ ಮೀನು ಕೊಯ್ಯುವಾಗ ತೆಗೆಯೂಕಾಗ. ಒಂದ್ಸಲ ಯಾರೋ ಕೇಳದೆ ತೆಗೆದು, ಅವರ ಕೈ, ಕತ್ತಿ, ಸೀರೆ ಮೇಲಿನ ರಕ್ತ ಎಲ್ಲ ಸ್ಲೋ ಮೋಷನಲ್ಲಿ ಹಾಕಿ ದುಃಖದ ಮ್ಯೂಸಿಕ್ ಇಟ್ಟಿದ್ರಂತೆ. ಸಂಬಂಧಿಕರು ಮುಂಬೈಯಿಂದ ಫೋನ್ ಮಾಡಿ, 'ಅತ್ತೆಗೆ ಹುಷಾರಿಲ್ವಾ' ಅಂತ ಕೇಳಿದ್ರಂತೆ.

ಬಾಟಲಿ ತರೂಕಾಗ. ಇದು ಮನೆ ಮುಂದಿನ ಜಾಗ, ಮಗಳು ಅಲ್ಲೇ ಪಕ್ಕದ ಕೋಣೇಲಿ ಓದ್ತಿರ್ತಾಳೆ.

ಕೊನೇದನ್ನ ಹೇಳಿದ್ದು ಅಕ್ಕನ ಗಂಡ. ಅಲ್ಲೀವರೆಗೂ ಅಣ್ಣ ಒಂದು ಮಾತೂ ಆಡಿರಲಿಲ್ಲ. 'ನೀರಿಗ್ ಇಳೂಕಾಗ.' ಇಲ್ಲಿ ಲೈಫ್‌ಗಾರ್ಡ್ ಇಲ್ಲ. ದಡ ಸಮ ಇರೋ ಹಾಗೆ ಕಾಣುತ್ತೆ, ಆದ್ರೆ ಒಂದೊಂದು ಕಡೆ ಅಲೆ ಒಡೆಯದೆ ನೀರು ಸುಮ್ಮನೆ ಕಾಣುತ್ತಲ್ಲ, ಬಂದ ನೀರೆಲ್ಲ ಅಲ್ಲಿಂದಲೇ ಜೋರಾಗಿ ವಾಪಸ್ ಹೋಗ್ತಿರುತ್ತೆ. ಗೊತ್ತಿಲ್ಲದವರು ಶಾಂತವಾಗಿದೆ ಅಂತ ಅಲ್ಲೇ ಇಳೀತಾರೆ. ಅಣ್ಣ ಇದನ್ನ ಕೈಬೆರಳಲ್ಲಿ ಮರಳ ಮೇಲೆ ಬರೆದು ತೋರಿಸಿದ್ರು. ಎಷ್ಟು ಜನರನ್ನ ಎಳೆದು ತಂದಿದ್ದೀರಿ ಅಂತ ಕ್ಲಾಸ್ ರೆಪ್ ಕೇಳಿದ. ಅಣ್ಣ ಉತ್ತರ ಕೊಡಲಿಲ್ಲ, ಬರೆದದ್ದನ್ನ ಕಾಲಲ್ಲಿ ಅಳಿಸಿ ಎದ್ದು ಹೋದ್ರು. ಅಕ್ಕ ಮೆಲ್ಲಗೆ, 'ಎಲ್ಲರ್ನೂ ಜೀವಂತ ತಂದದ್ದಲ್ಲ' ಅಂದ್ರು. ಕಾಲು ಒದ್ದೆ ಮಾಡ್ಕೊಳ್ಳಿ, ಅಷ್ಟು ಸಾಕು.

ಭಾಗ 9

ಮ್ಯಾಪ್ ಪಿನ್ ಬೇಡ ಅಂತಲೂ ಅಕ್ಕನೇ ಹೇಳಿದ್ದು. ಮ್ಯಾಪು ನೋಡ್ಕೊಂಡು ಬಂದವರು ಫೋನ್ ಮಾಡಲ್ಲ, ನೇರ ಬಂದು ಹಾರ್ನ್ ಹೊಡೀತಾರೆ. ನಂಬರ್ ಕೂಡ ಎಲ್ಲರಿಗೂ ಕಾಣೋ ಹಾಗೆ ಹಾಕ್ಬೇಡ ಅಂದ್ರು, ರಾತ್ರಿ ಹನ್ನೊಂದಕ್ಕೆ 'ರೂಂ ಸಿಗುತ್ತಾ' ಅಂತ ಕೇಳೋರೇ ಜಾಸ್ತಿಯಂತೆ. ರೂಂ ಇಲ್ಲ. ಇಲ್ಲಿ ಇರೋದು ಊಟ ಮಾತ್ರ.

ಅದಕ್ಕೆ ನಾವು ಮೂವರು ಒಂದು ವ್ಯವಸ್ಥೆ ಮಾಡಿದ್ದೀವಿ. ನನಗೆ ಡಿಎಂ ಮಾಡಿ. ಎಷ್ಟು ಜನ, ಯಾವ ದಿನ, ಎರಡನ್ನೂ ಬರೀರಿ. ಆ ದಿನ ಇಪ್ಪತ್ತು ತುಂಬಿಲ್ಲಾಂದ್ರೆ ಅಕ್ಕನ ನಂಬರ್ ಮತ್ತೆ ಯಾವ ಸ್ಟಾಪಲ್ಲಿ ಇಳೀಬೇಕು ಅಂತ ಕಳಿಸ್ತೀನಿ. ನನಗೆ ಇದರಲ್ಲಿ ಕಮಿಷನ್ ಇಲ್ಲ. ಫೆಬ್ರವರಿಯ ಮೊದಲ ಎರಡು ವಾರ ಟ್ರೈ ಮಾಡಿ ನೋಡಿದ್ವಿ, ನಮ್ಮ ಕಾಲೇಜಿನವರೇ ಹೋಗಿದ್ರು. ಬುಧವಾರ ಹದಿನಾರು ಊಟ, ಗುರುವಾರ ಹತ್ತೊಂಬತ್ತು. ಗುರುವಾರ ರಾತ್ರಿ ಮನೆಯವರಿಗೆ ಅನ್ನ ಉಳೀಲಿಲ್ಲ ಅಂತ ಅಕ್ಕ ವಾಯ್ಸ್ ಮೆಸೇಜ್ ಕಳಿಸಿದ್ರು, ಬೈದ ಹಾಗೆ ಶುರು ಮಾಡಿ ನಗ್ತಾ ಮುಗಿಸಿದ್ರು. ಈಗ 23 ಊಟಕ್ಕೆ ಅಕ್ಕಿ ಹಾಕ್ತಾರೆ.

ಇದು ಎಷ್ಟು ದಿನ ನಡೆಯುತ್ತೆ ಗೊತ್ತಿಲ್ಲ. ನಾಳೆ ಯಾರೋ ಒಬ್ಬರು ಹೋಗಿ ಪಿನ್ ಹಾಕಿದ್ರೆ ನಾನು ತಡೆಯೋಕೆ ಆಗಲ್ಲ. ನಮ್ಮ ಕೋರ್ಸ್ ಕೂಡ ಮುಂದಿನ ವರ್ಷ ಮುಗಿಯುತ್ತೆ. ಜೂನಿಯರ್ಸ್‌ನಲ್ಲಿ ಯಾರಿಗಾದ್ರೂ ಈ ಪಟ್ಟಿ ನೋಡ್ಕೊಳ್ಳೋಕೆ ಇಷ್ಟ ಇದ್ರೆ ಹೇಳಿ. ಕರಾವಳಿಯವರಾದ್ರೆ ಒಳ್ಳೇದು, ಫೋನಲ್ಲಿ ಅಕ್ಕ ಹೇಳೋದು ಅರ್ಥ ಆಗುತ್ತೆ.

ಭಾಗ 10

ಎಲ್ಲರೂ ಕೇಳ್ತಿರೋದಕ್ಕೆ ಇದೊಂದು ಎಕ್ಸ್‌ಟ್ರಾ.

ಮೇ ಕೊನೇವರೆಗೆ ಹೋಟ್ಲು ಇರುತ್ತೆ. ಆಮೇಲೆ ಗರಿ ಬಿಚ್ಚಿ, ಟಾರ್ಪಾಲು ಮಡಿಸಿ, ಕಂಬ ಕಿತ್ತು ಮನೆ ಹಿಂದೆ ಒರಗಿಸಿ ಇಡ್ತಾರೆ, ಇಲ್ಲಾಂದ್ರೆ ಮಳೆಗಾಲದ ಅಲೆ ಬಂದು ಎಲ್ಲ ತಗೊಂಡು ಹೋಗುತ್ತೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದೊಡ್ಡ ಬೋಟುಗಳಿಗೂ ಕಡಲಿಗೆ ಇಳಿಯೋ ಹಾಗಿಲ್ಲ, ಮೀನು ಮರಿ ಮಾಡೋ ಕಾಲ. ನಾಡದೋಣಿಗಳಿಗೆ ಆ ನಿಷೇಧ ಇಲ್ಲ, ಆದ್ರೆ ಅಣ್ಣನ ದೋಣಿ ಆ ಅಲೆಗೆ ಚಿಕ್ಕದು. ಆ ಎರಡು ತಿಂಗಳು ಮನೆ ನಡೆಯೋದು ಬೇಸಿಗೇಲಿ ಒಣಗಿಸಿಟ್ಟ ಮೀನು ಮಾರಿದ ದುಡ್ಡಲ್ಲಿ.

ಅದೂ ಈಗ ಸಿಗುತ್ತೆ. ಒಣ ಸಿಗಡಿ, ಒಣ ಬಂಗುಡೆ, ಸಣ್ಣ ಮೀನು. ಊಟಕ್ಕೆ ಹೋದವರು ಕೇಳಿ ತಗೊಳ್ಳಿ, ಮಳೆಗಾಲಕ್ಕೆ ಅವರಿಗೆ ನಮ್ಮ ಊಟಕ್ಕಿಂತ ಅದೇ ಜಾಸ್ತಿ ಉಪಯೋಗ. ನಾನು ಅರ್ಧ ಕೆಜಿ ತಗೊಂಡೆ. ಅಮ್ಮ ಎರಡು ಪ್ಲಾಸ್ಟಿಕ್ ಕವರು, ಅದರ ಮೇಲೆ ಪೇಪರ್, ಅದರ ಮೇಲೆ ಮತ್ತೆ ಕವರು ಹಾಕಿ ಕಟ್ಟಿಕೊಟ್ಟರು. ಆದ್ರೂ ಶಿವಮೊಗ್ಗ ದಾಟೋ ಹೊತ್ತಿಗೆ ಕಂಡಕ್ಟರ್ ಎದ್ದು ಬಂದು 'ಯಾರ್ ಬ್ಯಾಗಮ್ಮ ಇದು' ಅಂತ ಕೇಳಿದ.

ಮನೇಲಿ ಅಜ್ಜಿ ಪೊಟ್ಟಣ ಬಿಚ್ಚಿ, ಒಂದು ಎತ್ತಿ ಮೂಸಿ ನೋಡಿದ್ರು. ಸಂತೇಲಿ ತರೋದಕ್ಕಿಂತ ಉಪ್ಪು ಕಮ್ಮಿ ಇದೆ ಅಂದ್ರು. ಎಷ್ಟು ಕೊಟ್ಟೆ ಅಂತ ಕೇಳಿದ್ರು. ಹೇಳಿದೆ. ಚೌಕಾಸಿ ಮಾಡಿದ್ಯಾ ಅಂದ್ರು. ಇಲ್ಲ ಅಂದೆ. ಅಜ್ಜಿ ಒಂದು ನಿಮಿಷ ನನ್ನ ಮುಖ ನೋಡಿ, ಒಲೆ ಹಚ್ಚೋಕೆ ಹೋದ್ರು.

ಮುಂದಿನ ಎರಡು ಭಾನುವಾರ ಫುಲ್. ಮಂಗಳವಾರ ಒಂಬತ್ತು ಸೀಟ್ ಇದೆ.